ಗರೀಬ, ಬೆರಕಿ ಮತ್ತು ನಮ್ಮ ಅತ್ತೆಯ ನಾಲಿಗೆ

ನಮ್ಮ ಅತ್ತೆ ಇನ್ನೂ ಬದುಕಿದ್ದಾಳೆ. ಇದನ್ನು ಸಂತೋಷದ ಸುದ್ದಿ ಎಂದು ಓದಿಕೊಳ್ಳುವವರು ಧಾರಾಳವಾಗಿ ಓದಿಕೊಳ್ಳಲಿ. ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಜೀವಶಾಸ್ತ್ರ ಕಲಿಸುತ್ತಿರುವ ನನ್ನ ಪಾಲಿಗೆ ಮಾತ್ರ ಇದೊಂದು ದಿನನಿತ್ಯದ ಅವಮಾನ. ಕಂಡ ಎಲೆಯನ್ನೆಲ್ಲ ಕಚ್ಚಿ ನೋಡುವ, ಕಂಡ ಕಾಯನ್ನೆಲ್ಲ ನೆಕ್ಕಿ ನೋಡುವ, ಹಾವು ಎದುರಾದರೆ ನಿಂತು ಕ್ಷೇಮ ಸಮಾಚಾರ ವಿಚಾರಿಸುವ ಹೆಂಗಸೊಬ್ಬಳು ಅರವತ್ತೆಂಟು ವರ್ಷ ಬದುಕುವುದುಂಟೇ? ನಮ್ಮ ಪಠ್ಯಪುಸ್ತಕದ ಪ್ರಕಾರವಂತೂ ಸಾಧ್ಯವೇ ಇಲ್ಲ! ಆದರೆ ಅತ್ತೆ ಪಠ್ಯಪುಸ್ತಕ ಓದಿದವಳಲ್ಲ. ಹಾಗಾಗಿ ತಾನು ಯಾವ ಪಾಠದಲ್ಲಿ ಸಾಯಬೇಕಿತ್ತು ಎನ್ನುವುದು ಅವಳಿಗೆ ಗೊತ್ತಾಗಿಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಹರ್ತಿ ಎಂಬ ಹಳ್ಳಿಗೆ ಕೊಟ್ಟದ್ದು. ನಾನಿರುವುದು ಬೆಟಗೇರಿಯಲ್ಲಿ. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅತ್ತೆಯ ಗಂಡನಿಗೆ, ಅಂದರೆ ಮಾವನಿಗೆ, ಒಂದು ಫೋನು ಮಾಡುತ್ತೇನೆ.

"ಮಾವಾರ, ಅತ್ತಿ ಹೆಂಗದಾಳ್ರೀ?"

"ಇನ್ನೂ ಅದಾಳಪಾ."

ಮುಗಿಯಿತು. ಮಾವ ಮಾತಿನಲ್ಲಿ ಬಲು ಹಿಡಿತದ ಮನುಷ್ಯ. ನಲವತ್ತೈದು ವರ್ಷ ಅತ್ತೆಯ ಎದುರು ಉಣ್ಣಲು ಕುಳಿತವರಿಗೆ ಇದಕ್ಕಿಂತ ಹೆಚ್ಚು ಮಾತು ಉಳಿದಿರುವುದೂ ಕಷ್ಟವೇ ಅನ್ನಿ. ತಟ್ಟೆಯಲ್ಲಿ ಬಿದ್ದ ಸೊಪ್ಪಿನ ಹೆಸರು ಕೇಳುವುದನ್ನು ಅವರು ಮದುವೆಯಾದ ಮೊದಲ ವರ್ಷವೇ ಬಿಟ್ಟರಂತೆ.

ಅತ್ತೆಯ ಪ್ರಕಾರ ದೇವರು ಈ ಲೋಕದಲ್ಲಿ ಎರಡೇ ಜಾತಿ ಮಾಡಿದ್ದಾನೆ. ಒಂದು ಗರೀಬ, ಇನ್ನೊಂದು ಬೆರಕಿ. ನಮ್ಮ ಕಡೆ ಗರೀಬ ಎಂದರೆ ಬಡವ ಅಂತಷ್ಟೇ ಅಲ್ಲ; ಹಾಯದ, ಒದೆಯದ, ಕರು ಸತ್ತರೂ ಸುಮ್ಮನೆ ನಿಂತು ಹಿಂಡಿಸಿಕೊಳ್ಳುವ ಆಕಳನ್ನೂ ಗರೀಬ ಎನ್ನುತ್ತೇವೆ. ಬೆರಕಿ ಎಂದರೆ ಒಳಗೊಳಗೇ ಹುನ್ನಾರ ಇಟ್ಟುಕೊಂಡದ್ದು, ಯಾವಾಗ ಏನು ಮಾಡುತ್ತದೋ ಹೇಳಲಾಗದ್ದು. ಹೊಲದ ಬದುವಿನ ಮೇಲೆ ಹುಟ್ಟುವ ಪ್ರತಿಯೊಂದು ಕಸ, ಮನೆಯೊಳಗೆ ಹರಿದು ಬರುವ ಪ್ರತಿಯೊಂದು ಹುಳ ಅತ್ತೆಯ ಮುಂದೆ ಹಾಜರಾಗಿ ಇವೆರಡರಲ್ಲಿ ಒಂದಾಗಿ ಹೊರಗೆ ಹೋಗಬೇಕು. ಮೂರನೆಯ ಜಾತಿ ಇಲ್ಲ. ಮೇಲ್ಮನವಿಯೂ ಇಲ್ಲ!

ತೀರ್ಪು ಕೊಡುವುದಕ್ಕೆ ಅವಳದೇ ಒಂದು ಪದ್ಧತಿ. ಹೊಸ ಎಲೆ ಸಿಕ್ಕರೆ ಮನೆಗೆ ತಂದು ಒಲೆ ಮುಂದೆ ಕೂಡುತ್ತಾಳೆ. ಎಲೆಯನ್ನು ಹಿಂಡಿ ಮಣಿಕಟ್ಟಿನ ಒಳಭಾಗಕ್ಕೆ ಉಜ್ಜಿಕೊಂಡು ಹಂಚಿನ ಮೇಲೆ ಒಂದು ರೊಟ್ಟಿ ಹಾಕುತ್ತಾಳೆ. ಆ ರೊಟ್ಟಿ ಬೇಯುವ ತನಕ ಮಣಿಕಟ್ಟು ಉರಿಯದಿದ್ದರೆ ಎಲೆಯನ್ನು ತುಟಿಗೆ ಒತ್ತಿಕೊಂಡು ಎರಡನೆಯ ರೊಟ್ಟಿ. ತುಟಿಯೂ ಪಾಸಾದರೆ ನಾಲಿಗೆಯ ತುದಿ, ಮೂರನೆಯ ರೊಟ್ಟಿ. ಅದೂ ಆದಮೇಲೆ ಎಲೆ ಅಗಿದು ನುಂಗಿ ಒಂದು ದಿನ ಪೂರ್ತಿ ಕಾಯುತ್ತಾಳೆ. ಮರುದಿನ ಬೆಳಿಗ್ಗೆ ಎದ್ದು ತಾನಿರುವುದು ಖಾತ್ರಿಯಾದ ಮೇಲೆಯೇ ಆ ಸೊಪ್ಪು ಮಾವನ ತಟ್ಟೆಗೆ, ನಮ್ಮ ತಟ್ಟೆಗೆ. ಈ ನಿಯಮವನ್ನು ಅವಳು ಒಂದು ಸಲವೂ ಮುರಿದಿಲ್ಲ. ಮೊದಲು ತನ್ನ ನಾಲಿಗೆ, ಆಮೇಲೆ ಉಳಿದವರದು.

"ಅತ್ತಿ, ಹಿಂಗ ತಿಂದು ತಿಂದು ಒಂದಿನ ನೀ ಹೋಗ್ತೀ ನೋಡು," ಎಂದು ನಾನು ಹಣೆ ಬಡಿದುಕೊಂಡಿದ್ದೇನೆ.

"ಹೋದರ ಆತೇಳಪಾ. ಅದು ಬೆರಕಿ ಐತಿ ಅಂತ ನಿಮಗ ಗೊತ್ತರ ಆಗತೈತಿ!"

ಇಂಥವಳ ಜೊತೆ ಏನು ವಾದ ಮಾಡುತ್ತೀರಿ?

ಹಾವಿನ ವಿಷಯಕ್ಕೆ ಬರೋಣ. ಒಂದು ಬೇಸಿಗೆ ರಜೆಯಲ್ಲಿ ಹರ್ತಿಗೆ ಹೋಗಿದ್ದೆ. ಅತ್ತೆ ದನಗಳಿಗೆ ಮೇವು ತೆಗೆಯಲು ಜೋಳದ ಕಣಕಿಯ ಬಣವಿಗೆ ಕೈ ಹಾಕಿದ್ದಾಳೆ. ಎಳೆದ ಸಿವುಡಿನ ಜೊತೆ ಮಾರುದ್ದದ ಹಾವೊಂದು ಜಾರಿ ಹೊರಗೆ ಬಿತ್ತು. ನಾನು "ನಾಗರಹಾವು! ನಾಗರಹಾವು!" ಎಂದು ಕೂಗಿಕೊಂಡು ಪಕ್ಕದಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರ್ ಏರಿದೆ. ಹೇಗೆ ಏರಿದೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ, ಇಳಿಯಲು ಮಾತ್ರ ಏಣಿ ತರಿಸಬೇಕಾಯಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಹಾವಿನ ಕಡೆ ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು.

"ಕ್ಯಾರಿಹಾವು ಐತ್ಯೋ ತಮ್ಮಾ. ಗರೀಬ. ಇಲಿ ತಿನ್ನಾಕ ಬಂದೈತಿ. ಅದ ನಿನ್ನ ನೋಡಿ ಹೆದರೈತಿ, ಇಳಿ ಕೆಳಗ." ಹಾವಿಗೂ ಹೇಳಿದಳು: "ಹೋಗವಾ, ನೀ ಹೋಗು. ಮಾಸ್ತರ ಅದಾನ, ಹಂಗ ಒದರತಾನ."

ಹಾವು ಹೋಯಿತು. ಸತ್ಯ ಹೇಳಬೇಕೆಂದರೆ ಅದು ಕೇರೆಯೇ. ನಮ್ಮ ಶಾಲೆಯ ಗೋಡೆಗೆ ಹಾವುಗಳ ದೊಡ್ಡ ಚಿತ್ರಪಟ ತೂಗುಹಾಕಿದವನು ನಾನೇ. ಆದರೆ ಚಿತ್ರಪಟದ ಹಾವು ಕಾಲ ಮೇಲೆ ಬೀಳುವುದಿಲ್ಲವಲ್ಲ!

ಈ ಅವಮಾನ ತೀರಿಸಿಕೊಳ್ಳಲು ನನಗೊಂದು ಅವಕಾಶ ಶಿರಹಟ್ಟಿಯಲ್ಲಿ ಸಿಕ್ಕಿತು. ಅಲ್ಲಿ ನಮ್ಮ ಬೀಗರ ಮನೆ. ಅತ್ತೆಯೂ ನಾನೂ ಮಧ್ಯಾಹ್ನ ಊಟ ಮುಗಿಸಿ ಕುಳಿತಿದ್ದಾಗ ಬಚ್ಚಲಿನಿಂದ ಕಿರುಚಾಟ. ಹೋಗಿ ನೋಡಿದರೆ ಹಂಡೆಯ ಹಿಂದೆ ಕಪ್ಪಗಿನ ಸಣ್ಣ ಹಾವು, ಮೈಮೇಲೆ ಬಿಳಿ ಪಟ್ಟೆ. ನಾನು ಆ ರಜೆಯಲ್ಲಿ ಹಾವಿನ ಪುಸ್ತಕ ಓದಿ ತಯಾರಾಗಿದ್ದೆ. ಎಲ್ಲರನ್ನೂ ಹಿಂದೆ ಸರಿಸಿ, "ಹೆದರಬ್ಯಾಡ್ರಿ. ಇದಕ್ಕ ತೋಳಹಾವು ಅಂತಾರ. ವಿಷ ಇಲ್ಲ. ಅತ್ತಿ, ನಿನ್ನ ಭಾಷಾದಾಗ ಹೇಳಬೇಕಂದ್ರ ಗರೀಬ!" ಎಂದು ಸಣ್ಣದೊಂದು ಭಾಷಣ ಮಾಡಿ, ಕೈಯಲ್ಲಿದ್ದ ಮಾರುದ್ದದ ಕೋಲಿನಿಂದ ಅದನ್ನು ಎತ್ತಲು ಬಗ್ಗಿದೆ. ಅತ್ತೆ ಹಿಂದಿನಿಂದ ಬಂದು ನನ್ನ ಅಂಗಿಯ ಕಾಲರ್ ಹಿಡಿದು ಎಳೆದ ರಭಸಕ್ಕೆ ನಾನು ನೀರಿನ ಬಕೆಟ್ಟಿನಲ್ಲಿ ಕುಳಿತೆ.

"ಬೆರಕಿ ಐತಿ ಅದು. ಯಾರೂ ಒಳಗ ಹೋಗಬ್ಯಾಡ್ರಿ. ಹಾವು ಹಿಡಿಯಾವನ್ನ ಕರಸ್ರಿ."

ಹಾವು ಹಿಡಿಯುವವನು ಬಂದ, ನೋಡಿದ, ಚೀಲದ ಬಾಯಿ ಕಟ್ಟಿ ಆಮೇಲೆ ಹೇಳಿದ: ಕಟ್ಟುಹಾವು. ಕಚ್ಚಿದ್ದು ಗೊತ್ತಾಗುವುದೂ ಕಷ್ಟ, ಗೊತ್ತಾದ ಮೇಲೆ ಉಳಿಯುವುದೂ ಕಷ್ಟ. ಬೀಗರೆಲ್ಲ ನನ್ನ ಕಡೆ ನೋಡಿದರು. ನಾನು ಒದ್ದೆ ಪ್ಯಾಂಟಿನ ಕಡೆ ನೋಡಿಕೊಂಡೆ.

"ನಿನಗ ಹೆಂಗ ಗೊತ್ತಾತು ಅತ್ತಿ?"

"ಇಷ್ಟ ಮಂದಿ ಒದರಿದರೂ ಅದು ಓಡಿಹೋಗಲಿಲ್ಲಲ್ಲೋ. ಗರೀಬ ಇದ್ದದ್ದು ಓಡತೈತಿ. ಯಾರ ಅಂಜಿಕಿನೂ ಇಲ್ಲದ್ದು ಬೆರಕಿ."

ಇದು ಶಾಸ್ತ್ರವೇ? ಅಲ್ಲ. ಇದನ್ನು ನಂಬಿ ನೀವು ಯಾರೂ ಹಾವಿನ ಹತ್ತಿರ ಹೋಗಬೇಡಿ, ನಿಮ್ಮ ಕಾಲರ್ ಹಿಡಿಯಲು ನಮ್ಮ ಅತ್ತೆ ಅಲ್ಲಿರುವುದಿಲ್ಲ. ನನ್ನ ಹತಾಶೆಯ ಮೂಲ ಇರುವುದೇ ಇಲ್ಲಿ ನೋಡಿ. ಲೆಕ್ಕ ತಪ್ಪು, ಉತ್ತರ ಸರಿ! ಇಂಥ ವಿದ್ಯಾರ್ಥಿಗೆ ಯಾವ ಮಾಸ್ತರ ಎಷ್ಟು ಅಂಕ ಕೊಡಬೇಕು?

ಉತ್ತರ ಯಾವಾಗಲೂ ಸರಿ ಇರುತ್ತಿತ್ತು ಎಂದೇನೂ ಅಲ್ಲ. ಹಾವರಾಣಿಯ ವಿಷಯದಲ್ಲಿ ಅತ್ತೆ ಪೂರ್ತಿ ತಪ್ಪು. ನುಣ್ಣಗೆ ಹೊಳೆಯುತ್ತ ಗೋಡೆಯ ಸಂದಿಯಲ್ಲಿ ಓಡಾಡುವ ಆ ಹಲ್ಲಿಜಾತಿಯ ಬಡಪ್ರಾಣಿಗೆ ವಿಷವೇ ಇಲ್ಲ. ಅತ್ತೆಯ ಲೆಕ್ಕದಲ್ಲಿ ಅದು ಬೆರಕಿಗಳ ರಾಣಿ. "ಇಷ್ಟ ಚೆಂದ ಇದ್ದದ್ದು ಸುಮ್ಮಸುಮ್ಮನ ಚೆಂದ ಇರತೈತೇನು?" ಎನ್ನುವುದು ಅವಳ ಪ್ರಶ್ನೆ. ಒಮ್ಮೆ ನಾನು ಹಾವರಾಣಿಯನ್ನು ಅಂಗೈಯಲ್ಲಿ ಹಿಡಿದು ತಂದು ಅವಳಿಗೆ ತೋರಿಸಿದೆ. ಪ್ರತ್ಯಕ್ಷ ಪ್ರಯೋಗ! ಅತ್ತೆ ಕಸಬರಿಗೆಯಿಂದ ಮೊದಲು ಹಾವರಾಣಿಗೆ ಹೊಡೆಯಲು ಹೋಗಿ ನನಗೆ ಹೊಡೆದಳು. ಹಾವರಾಣಿ ಓಡಿಹೋಯಿತು, ನಾನು ಓಡಲಿಲ್ಲ. ಅವಳ ಸಿದ್ಧಾಂತದ ಪ್ರಕಾರ ಹಾವರಾಣಿ ಗರೀಬ, ನಾನೇ ಬೆರಕಿ ಎಂದಾಗಲಿಲ್ಲವೇ ಎಂದು ಕೇಳಿದೆ. ಅತ್ತೆ ನನ್ನ ಕೈಗೆ ಅರಿಸಿನ ಬಳಿದು, ತಲೆಯ ಮೇಲೆ ಎರಡು ಕೊಡ ನೀರು ಸುರಿದು, ಸಂಜೆಯವರೆಗೆ ಅಂಗಳದಲ್ಲಿ ಕೂರಿಸಿದಳು.

ಮುಂಡರಗಿಯ ಮದುವೆಯದು ಇನ್ನೊಂದು ಕಥೆ. ಅತ್ತೆ, ಮಾವ, ನಾನು, ನನ್ನ ಹೆಂಡತಿ, ಎಲ್ಲರೂ ಬಸ್ಸಿನಲ್ಲಿ ಹೊರಟಿದ್ದೆವು. ಕಪ್ಪತಗುಡ್ಡದ ಮಗ್ಗುಲಲ್ಲಿ ಬಸ್ಸು ಹೋಗುವಾಗ ಅತ್ತೆಗೆ ಬೇಲಿಯ ಮೇಲೆ ಯಾವುದೋ ಬಳ್ಳಿ ಕಂಡಿತು.

"ನಿಂದರಸಪಾ, ನಿಂದರಸು!"

"ಇಲ್ಲಿ ಸ್ಟಾಪ್ ಇಲ್ಲಬೇ ಯವ್ವಾ," ಎಂದ ಕಂಡಕ್ಟರ್.

"ಸ್ಟಾಪ್ ಇಲ್ಲ, ಬಳ್ಳಿ ಐತಿ!"

ಕಂಡಕ್ಟರ್ ಬೇಲಿಯ ಕಡೆ ಬಗ್ಗಿ ನೋಡಿದ. ಸೀಟಿ ಊದಿದ. ಅತ್ತೆ ಇಳಿದು ಬಳ್ಳಿ ಕಿತ್ತುಕೊಂಡು ಬಂದಳು. ಬಸ್ಸಿನಲ್ಲಿ ಹಂಚೂ ಇಲ್ಲ, ರೊಟ್ಟಿಯೂ ಇಲ್ಲ. ಮಣಿಕಟ್ಟಿನ ಪರೀಕ್ಷೆಗೆ ಎಷ್ಟು ಹೊತ್ತು ಬಿಡಬೇಕೆಂಬ ಅಂದಾಜು ತಪ್ಪಿತು. ಅವಸರದಲ್ಲಿ ಎಲೆಯನ್ನು ತುಟಿಗೆ ಒತ್ತಿಕೊಂಡಳು. ಮುಂಡರಗಿಯಲ್ಲಿ ಇಳಿಯುವಷ್ಟರಲ್ಲಿ ಎರಡೂ ತುಟಿ ಊದಿ ಹೋಳಿಗೆಯಷ್ಟಾಗಿದ್ದವು. ಮದುವೆ ಮನೆಯಲ್ಲಿ ಸೆರಗು ಮುಚ್ಚಿಕೊಂಡು ಮೂಲೆಯಲ್ಲಿ ಕುಳಿತಳು. ಮಾತಿಲ್ಲ, ಕಥೆಯಿಲ್ಲ, ಊಟವೂ ಇಲ್ಲ. ಮದುವೆಯವರಿಗೆ ಗಾಬರಿ. ಉಡುಗೊರೆ ಕೊಟ್ಟ ಆಯೇರದ ಸೀರೆ ಕಡಿಮೆಯದಾಯಿತೆಂದು ಹಿರಿಯಳು ಸಿಟ್ಟಾಗಿದ್ದಾಳೆಂದು ತಿಳಿದು, ಒಳಗೆ ಹೋಗಿ ತಮ್ಮತಮ್ಮಲ್ಲೇ ಮಾತಾಡಿಕೊಂಡು, ಇಳಕಲ್ಲಿನ ಹೊಸ ಸೀರೆಯೊಂದನ್ನು ತಂದು ಕಾಲು ಮುಟ್ಟಿ ಕೊಟ್ಟರು! ವಾಪಸು ಬರುವಾಗ ತುಟಿ ಸ್ವಲ್ಪ ಇಳಿದಿತ್ತು. ಅತ್ತೆ ಸೀರೆ ಸವರುತ್ತ ತೀರ್ಪು ಕೊಟ್ಟಳು.

"ಬಳ್ಳಿ ಬೆರಕಿ. ಮಂದಿ ಗರೀಬ."

ಇವನ್ನೆಲ್ಲ ಹೇಳಿ ನಾನೂ ನಗುತ್ತಿದ್ದೆ. ನಗು ನಿಂತದ್ದು ನನ್ನ ಮಗಳಿಗೆ ಏಳು ವರ್ಷವಾದಾಗ.

ಮಗಳಿಗೆ ಅತ್ತೆ ಎಂದರೆ ಪ್ರಾಣ. ಅವಳನ್ನು ಅಜ್ಜಿಯ ಲೆಕ್ಕದಲ್ಲಿ ಆಯಿ ಎಂದು ಕರೆಯುತ್ತಾಳೆ. ರವಿವಾರ ಬಂತೆಂದರೆ ಹರ್ತಿಗೆ ಹೋಗಬೇಕು, ಆಯಿಯ ಸೆರಗು ಹಿಡಿದು ಹೊಲ ತಿರುಗಬೇಕು, ಹಕ್ಕರಕಿ ಸೊಪ್ಪು ಕಿತ್ತು ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನಬೇಕು. ನೋಡನೋಡುತ್ತ ಅವಳಿಗೂ ಗರೀಬ-ಬೆರಕಿಯ ಹುಚ್ಚು ಹತ್ತಿತು. ನಮ್ಮ ಹೆಡ್ ಮಾಸ್ತರರು ಮನೆಗೆ ಬಂದಾಗ ಅವರ ಮಣಿಕಟ್ಟಿಗೆ ತನ್ನ ಮಣಿಕಟ್ಟು ಉಜ್ಜಿ, ಅಡುಗೆಮನೆಗೆ ಓಡಿ ಅಮ್ಮನ ಹಂಚಿನ ಮೇಲಿನ ರೊಟ್ಟಿ ನೋಡಿಬಂದು, "ಪಪ್ಪಾ, ಸರ್ ಗರೀಬ ಅದಾರ. ಮೀಸಿ ಅಷ್ಟ ಬೆರಕಿ," ಎಂದು ಘೋಷಿಸಿದಳು. ಹೆಡ್ ಮಾಸ್ತರರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ನನ್ನ ಹೆಂಡತಿ ಲಕ್ಷ್ಮೇಶ್ವರದವಳು, ನೇರ ಮಾತಿನವಳು. "ನಿಮ್ಮ ಅತ್ತಿ ನಾಲಿಗಿ ಅವರ ಪಾಡಿಗೆ ಇರಲಿ. ನನ್ನ ಮಗಳ ನಾಲಿಗಿಗೆ ಆ ಆಟ ಬ್ಯಾಡ. ಏನರ ಆತಂದ್ರ ನಾ ಸುಮ್ಮನಿರಾಕಿ ಅಲ್ಲ," ಎಂದಳು. ಅವಳ ಭಯ ನನ್ನದೂ ಆಗಿತ್ತು. ಅತ್ತೆಯ ಮುಂದೆ ಹೇಳಿದೆ. ಅತ್ತೆಗೆ ನೋವಾಯಿತು.

"ನಾ ತಿಂದು ಒಂದ ದಿನ ಕಾಯಲಾರದ ಈ ಮನಿಯಾಗ ಯಾರ ಬಾಯಿಗೂ ಏನೂ ಹಾಕಿಲ್ಲೋ ತಮ್ಮಾ. ನನ್ನ ಮೊಮ್ಮಗಳಿಗೆ ಹಾಕ್ತೀನೇನು?"

ಅದು ನಿಜ. ಆ ಮಾತನ್ನು ನಂಬಿಯೇ ಮಗಳನ್ನು ಕಳಿಸುತ್ತಿದ್ದೆ.

ಅತ್ತೆಯ ಹಿತ್ತಲಿಗೆ ಅಡವಿ ಔಡಲದ, ಅಂದರೆ ಕಾಡುಹರಳಿನ, ಬೇಲಿ. ದನ ಮುಟ್ಟುವುದಿಲ್ಲವೆಂದು ನಮ್ಮ ಕಡೆ ಹೊಲಕ್ಕೂ ಹಿತ್ತಲಿಗೂ ನೆಡುವ ಗಿಡ ಅದು. ಅತ್ತೆ ನಲವತ್ತು ವರ್ಷ ಅದರ ಕಡ್ಡಿಯಲ್ಲಿ ಹಲ್ಲು ತಿಕ್ಕಿದ್ದಾಳೆ, ಅದರ ಹಾಲನ್ನು ಗಾಯಕ್ಕೆ ಹಚ್ಚಿಕೊಂಡಿದ್ದಾಳೆ. ಎಲೆಯ ತೊಟ್ಟು ಮುರಿದು ಆ ಹಾಲಿನಲ್ಲಿ ಮಗಳಿಗೆ ಗುಳ್ಳೆ ಊದಿ ತೋರಿಸುತ್ತಿದ್ದಳು. ಕಡ್ಡಿ ಪಾಸು, ಹಾಲು ಪಾಸು, ಎಲೆ ಪಾಸು. "ಗರೀಬ ಗಿಡ," ಎಂದಿದ್ದಳು. ಬೀಜದ ಪರೀಕ್ಷೆ ಮಾತ್ರ ಆಗಿರಲಿಲ್ಲ. ಆ ಬೀಜದಿಂದ ಅವಳ ಅಡುಗೆಮನೆಗೆ ಏನೂ ಆಗಬೇಕಾಗಿರಲಿಲ್ಲ, ಹಾಗಾಗಿ ಅದರ ಕಡೆ ನೋಡಿಯೇ ಇರಲಿಲ್ಲ. ಆದರೂ ಗಿಡಕ್ಕೆ ಗಿಡವೇ ಗರೀಬವಾಗಿ ಹೋಗಿತ್ತು.

ಅವತ್ತು ರವಿವಾರ, ಹಿಂಗಾರಿ ಜೋಳ ಮೊಳಕಾಲುದ್ದ ಬೆಳೆದಿದ್ದ ದಿನಗಳು. ಊಟವಾದ ಮೇಲೆ ನಾನು ಕಟ್ಟೆಯ ಮೇಲೆ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಹಿತ್ತಲಿನಿಂದ ಮಗಳು ಓಡಿಬಂದಳು. ಮುಖದ ತುಂಬ ಖುಷಿ.

"ಆಯೀ, ಗರೀಬ ಗಿಡದಾಗ ಶೇಂಗಾ ಐತಿ! ಕಲ್ಲಿಲೆ ಒಡದು ತಿಂದೆ. ನಾಕ ತಿಂದೆ. ಭಾಳ ಚೊಲೊ ಐತಿ!"

ಅತ್ತೆ ಕೈಯಲ್ಲಿದ್ದ ಮೊರ ಬಿಟ್ಟು ಹಿತ್ತಲಿಗೆ ಓಡಿದಳು.

ಸ್ವಲ್ಪ ಹೊತ್ತಿಗೆ ಮಗಳು ಹೊಟ್ಟೆ ಹಿಡಿದುಕೊಂಡಳು. ಆಮೇಲೆ ವಾಂತಿ. ಆಮೇಲೆ ಮತ್ತೆ ವಾಂತಿ. ಪಕ್ಕದ ಮನೆಯವರ ಟಂಟಂ ರಿಕ್ಷಾ ಹಿಡಿದು ಗದಗಿಗೆ ಹೊರಟೆವು. ಮಗಳು ನನ್ನ ತೊಡೆಯ ಮೇಲೆ ಬಾಡಿ ಮಲಗಿದ್ದಳು. ಹತ್ತೊಂಬತ್ತು ವರ್ಷ ಮಕ್ಕಳಿಗೆ ಸಸ್ಯಗಳ ಭಾಗ ಹೆಸರಿಸಿರಿ ಎಂದು ಪ್ರಶ್ನೆ ಕೊಟ್ಟವನು ನಾನು, ನನ್ನ ಮಗಳ ಹೊಟ್ಟೆಯಲ್ಲಿರುವುದು ಏನು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವನಿಗೆ ಬರುವುದು ಒಂದೇ, ಸಿಟ್ಟು. ಎದುರಿಗೆ ಅತ್ತೆ ಕುಳಿತಿದ್ದಳು.

"ಗರೀಬ ಅಂದಿದ್ದೆಲ್ಲ! ನಿನ್ನ ಗರೀಬ ನನ್ನ ಮಗಳನ್ನ ತಿಂತು. ಸಾಕಾತಿಲ್ಲ? ನಿನ್ನ ಮಾತು ನಂಬಿ ತಿಂದಾಳ ಅಕಿ. ಇನ್ನ ಜಲ್ಮದಾಗ ನಮ್ಮ ಮನಿ ಕಡೆ ಹಣಿಕಿ ಹಾಕಬ್ಯಾಡ!"

ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ. ಆದರೆ ಇದೇ ಅಂದದ್ದು, ಇನ್ನೂ ಏನೇನೋ ಅಂದೆ. ಅತ್ತೆ ಸೆರಗಿನ ತುದಿಯ ಗಂಟು ಬಿಚ್ಚಿ, ಅದರೊಳಗಿನದೇನನ್ನೋ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು. ಇಂಥ ಹೊತ್ತಿನಲ್ಲಿ ಅಡಿಕೆ! ನನಗೆ ಮೈಯೆಲ್ಲ ಉರಿದುಹೋಯಿತು. ಮುಖ ತಿರುಗಿಸಿ ಕುಳಿತೆ. ಅವಳು ಮಾತ್ರ ದಾರಿಯುದ್ದಕ್ಕೂ ನಿಧಾನವಾಗಿ, ಶ್ರದ್ಧೆಯಿಂದ, ಒಂದಾದ ಮೇಲೆ ಒಂದು ಬಾಯಿಗೆ ಹಾಕಿಕೊಳ್ಳುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಏನು ತಿಂದಳು ಎಂದು ಕೇಳಿದಾಗ ಅತ್ತೆ ಸೆರಗಿನ ಗಂಟಿನಿಂದ ಎರಡು ಕರಿಯ ಬೀಜ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ನೋಡಿದ ಕೂಡಲೇ ಗುರುತು ಹಿಡಿದರು. ಶೇಂಗಾದ ರುಚಿ ಇರುವುದಕ್ಕೆ ಮಕ್ಕಳು ಇದನ್ನು ತಿನ್ನುತ್ತಾರೆ, ವಾಂತಿ-ಭೇದಿಯಾಗಿ ಮೈಯ ನೀರು ಹೋಗುವುದೇ ಅಪಾಯ, ಬೇಗ ಕರೆತಂದಿರಿ, ಸಲಾಯಿನ್ ಹಾಕಿ ನೋಡಿಕೊಳ್ಳುತ್ತೇವೆ ಎಂದರು. ಮಗಳನ್ನು ಒಳಗೆ ಮಲಗಿಸಿದರು. ನಾನು ಬಾಗಿಲ ಹೊರಗೆ ಗೋಡೆಗೆ ಆತುಕೊಂಡು ನಿಂತಿದ್ದೆ.

ಆಗ ಬೆಂಚಿನ ಮೇಲಿದ್ದ ಅತ್ತೆ ಕೆಳಗೆ ಕುಸಿದಳು. ಮಗಳಿಗಿಂತ ಜೋರಾಗಿ ವಾಂತಿ. ನರ್ಸು ಓಡಿಬಂದಳು, ಡಾಕ್ಟರು ಓಡಿಬಂದರು.

"ಅಮ್ಮಾ, ನಿಮಗೇನಾತ್ರಿ? ನೀವೂ ತಿಂದೀರೇನು?"

"ಹುಡುಗಿ ನಾಕ ತಿಂದಾಳ್ರಿ," ಎಂದಳು ಅತ್ತೆ, ಉಸಿರು ಎಳೆದುಕೊಳ್ಳುತ್ತ. "ನಾ ಎಂಟ ತಿಂದೀನಿ."

"ಎಂಟ? ಯಾಕ್ರೀ?"

"ಅಕಿ ಮೊದಲ ತಿಂದುಬಿಟ್ಟಾಳ್ರಿ. ನಾ ಹಿಂದ ಉಳದಿದ್ದೆ. ಎಂಟ ತಿಂದ್ರ, ಏನ ಆಗೋದೈತಿ ಅದು ನನಗ ಮೊದಲ ಆಗತೈತಿ. ನನ್ನ ನೋಡಿ ಅಕಿಗೆ ಔಷಧ ಕೊಡ್ರಿ."

"ಬೀಜ ತಂದಿದ್ರಲ್ಲ, ಅಷ್ಟ ಸಾಕಾಗಿತ್ತಲ್ಲರೀ!"

"ಬೀಜಕ್ಕ ಬಾಯಿ ಎಲ್ಲೈತ್ರಿ? ನಾ ಹೇಳ್ತೀನಿ, ನೀವು ಬರಕೋರಿ. ಮೊದಲ ಗಂಟಲ ಉರಿತೈತಿ. ಆಮ್ಯಾಲ ಹೊಟ್ಟಿ ತಿರುವತೈತಿ. ಕೈಕಾಲು ತಣ್ಣಗ ಆಗತಾವು. ಬರಕೊಂಡ್ರೇನು? ಕಣ್ಣ ಕತ್ತಲಿ ಬರತೈತಿ..."

ಅಷ್ಟು ಹೇಳಿ ಕಣ್ಣು ಮುಚ್ಚಿದಳು. ಡಾಕ್ಟರು ನನ್ನ ಕಡೆ ನೋಡಿ, "ಇವರು ನಿಮಗೇನಾಗ್ಬೇಕು?" ಎಂದರು. ನಾನು ನೆಲಕ್ಕೆ ಕುಳಿತು ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅಡಿಕೆ ಎಂದುಕೊಂಡಿದ್ದೆನಲ್ಲ!

ಮಗಳು ಮರುದಿನ ಮನೆಗೆ ಬಂದಳು. ಅತ್ತೆಗೆ ನಾಲ್ಕು ದಿನ ಬೇಕಾಯಿತು. ನನ್ನ ಹೆಂಡತಿ, ಸುಮ್ಮನಿರಾಕಿ ಅಲ್ಲ ಎಂದಿದ್ದವಳು, ಆ ನಾಲ್ಕೂ ದಿನ ಅತ್ತೆಯ ಮಂಚದ ಪಕ್ಕ ಕುಳಿತು ಗಂಜಿ ಕುಡಿಸಿದಳು. ಅತ್ತೆ ಕುಡಿದಳು.

ಹರ್ತಿಗೆ ಹೋದ ದಿನವೇ ಅತ್ತೆ ಕುಡುಗೋಲು ತೆಗೆದುಕೊಂಡು ಬೇಲಿಯನ್ನೆಲ್ಲ ಕಡಿದು, ಬೇರು ಅಗೆದು, ಸುಟ್ಟಳಂತೆ. ಅದರ ಜೊತೆ ತನ್ನ ವಿದ್ಯೆಯನ್ನೂ ಸುಟ್ಟಂತೆ ಕಂಡಿತು. ಓಣಿಯ ಹೆಂಗಸರು ಸೊಪ್ಪು ಹಿಡಿದು ಬಂದು "ಇದು ತಿನ್ನಾಕ ಬರತೈತೇನ ನೋಡಬೇ," ಎಂದು ಕೇಳಿದರೆ, "ನನಗ ಗೊತ್ತಿಲ್ರವಾ," ಎನ್ನುತ್ತಿದ್ದಳು. ಹೊಲದ ತುಂಬ ಹಕ್ಕರಕಿ ಬೆಳೆದು ನಿಂತಿತ್ತು, ಹುಟ್ಟಿದಾಗಿನಿಂದ ತಿಂದ ಸೊಪ್ಪು. ಅತ್ತೆ ಒಣ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಉಣ್ಣುತ್ತಿದ್ದಳು. ಒಂದು ದಿನ ಎದುರು ಮನೆಯ ಬಣವಿಯಲ್ಲಿ ಹಾವು ಬಂತು. ಅತ್ತೆಯನ್ನು ಕರೆದರು. ಅವಳು ಬಂದು ನೋಡಿ, "ನನಗ ಗೊತ್ತಿಲ್ಲ," ಎಂದು ತಲೆ ತಗ್ಗಿಸಿ ಮನೆಗೆ ಹೋದಳು. ಅವರು ಬಡಿಗೆ ತಂದು ಬಡಿದು ಹಾಕಿದರು. ಅದು ಕೇರೆ. ಗರೀಬ ಎಂದು ಹೇಳುವವರು ಯಾರೂ ಇರಲಿಲ್ಲ, ಸತ್ತಿತು. ಅತ್ತೆಯ ಬಾಯಿ ಮುಚ್ಚಿಸಿದವನು ನಾನು; ಆ ಕೇರೆಯನ್ನು ಕೊಂದವನೂ ನಾನೇ ಎಂದು ನನಗೆ ಅನ್ನಿಸಿತು.

ನಾನು ದಿನಾ ಫೋನು ಮಾಡುತ್ತಲೇ ಇದ್ದೆ.

"ಮಾವಾರ, ಅತ್ತಿ ಹೆಂಗದಾಳ್ರೀ?"

"ಅದಾಳ."

ನಲವತ್ತೈದು ವರ್ಷದಲ್ಲಿ ಉಳಿಸಿಕೊಂಡಿದ್ದ ಆ ಚಿಕ್ಕ ತಮಾಷೆಯನ್ನೂ ಮಾವ ಬಿಟ್ಟುಬಿಟ್ಟಿದ್ದರು. ಫೋನು ಇಟ್ಟ ಮೇಲೆ ನನಗೆ ಶಾಲೆಗೆ ಹೋಗುವ ಮನಸ್ಸೇ ಆಗುತ್ತಿರಲಿಲ್ಲ. ಎರಡು ಸಲ ಹೋಗಿ ಕಾಲು ಹಿಡಿದು ತಪ್ಪಾಯಿತು ಎಂದೆ. "ನೀ ಅಂದದ್ದು ಖರೇನ ಐತೇಳು," ಎಂದಳು. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳಬಹುದಿತ್ತು, ನಂಬಿ ಅಂದಳು.

ಒಂದು ತಿಂಗಳ ಮೇಲೆ, ರವಿವಾರ ಬೆಳಿಗ್ಗೆ ನಾನೊಬ್ಬನೇ ಹರ್ತಿಗೆ ಹೋದೆ. ಬಸ್ಸು ಇಳಿದವನು ನೇರ ಹೊಲಕ್ಕೆ ಹೋಗಿ ಒಂದು ಹಿಡಿ ಹಕ್ಕರಕಿ ಕಿತ್ತುಕೊಂಡು ಮನೆಗೆ ಬಂದೆ. ಅತ್ತೆ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಎದುರಿಗೆ ಕುಳಿತೆ. ಒಂದು ಎಲೆ ಹಿಂಡಿ ಮಣಿಕಟ್ಟಿಗೆ ಉಜ್ಜಿಕೊಂಡೆ. ಅವಳು ರೊಟ್ಟಿಯನ್ನು ಹಂಚಿಗೆ ಹಾಕಿದಳು. ನನ್ನ ಕಡೆ ನೋಡಲಿಲ್ಲ. ಮೊದಲ ರೊಟ್ಟಿ ಬೆಂದಿತು. ಎಲೆಯನ್ನು ತುಟಿಗೆ ಒತ್ತಿಕೊಂಡೆ. ಅವಳು ಎರಡನೆಯ ರೊಟ್ಟಿ ಹಾಕಿದಳು. ನಾನು ಎಲೆಯನ್ನು ನಾಲಿಗೆಯ ಮೇಲಿಟ್ಟುಕೊಂಡೆ. ವಿಪರೀತ ಕಹಿ. ಮೂರನೆಯ ರೊಟ್ಟಿ ಹಂಚಿಗೆ ಬಿತ್ತು. ನಾನು ಹಿಡಿಯಷ್ಟು ಸೊಪ್ಪನ್ನು ಒಟ್ಟಿಗೆ ಬಾಯಿಗೆ ತುರುಕಿ ಅಗಿಯತೊಡಗಿದೆ.

"ಉಗುಳು!"

ಅತ್ತೆ ಒಲೆ ದಾಟಿ ಬಂದಿದ್ದಳು. ಒಂದು ಕೈಯಿಂದ ನನ್ನ ದವಡೆ ಹಿಡಿದು ಇನ್ನೊಂದು ಕೈಯ ಎರಡು ಬೆರಳು ನನ್ನ ಬಾಯಿಗೆ ಹಾಕಿದಳು. ಬೆರಳ ತುಂಬ ಜೋಳದ ಹಿಟ್ಟು.

"ಉಗುಳಲೇ! ಹಕ್ಕರಕಿ ಅಲ್ಲದು! ಮಾಸ್ತರ ಅದೀ, ಎಲಿ ಅಂಚು ನೋಡಾಕ ಬರಂಗಿಲ್ಲೇನು? ಅದರ ಅಂಚೇನು, ಇದರ ಅಂಚೇನು! ಮಂದಿ ಮಕ್ಕಳಿಗೆ ಏನ ಕಲಸ್ತೀಲೇ ನೀ? ಉಗುಳು!"

ನಿಜ ಹೇಳುತ್ತೇನೆ, ನಾನು ಹಕ್ಕರಕಿ ಎಂದೇ ತಿಳಿದಿದ್ದೆ! ಅವಳ ಬೆರಳುಗಳ ನಡುವಿನಿಂದ ಹೇಗೋ ಕೇಳಿದೆ.

"ಬೆರಕಿ ಏನು ಅತ್ತಿ?"

ಅತ್ತೆ ನನ್ನ ಕೈಯಲ್ಲಿ ಉಳಿದಿದ್ದ ಒಂದೇ ಎಲೆಯನ್ನು ಕಸಿದುಕೊಂಡಳು. ಬೆಳಕಿಗೆ ಹಿಡಿದಳು. ಹಿಂಡಿದಳು. ತನಗೇ ತಿಳಿಯದಂತೆ ಅದನ್ನು ಮಣಿಕಟ್ಟಿಗೆ ಉಜ್ಜಿಕೊಂಡು ಹಂಚಿನ ಕಡೆ ತಿರುಗಿದಳು. ಹಂಚಿನ ಮೇಲಿನ ರೊಟ್ಟಿ ಸೀದು ಕರಿಯಾಗಿತ್ತು. ಅವಳು ಆ ರೊಟ್ಟಿಯನ್ನು ನೋಡಿದಳು, ತನ್ನ ಮಣಿಕಟ್ಟನ್ನು ನೋಡಿಕೊಂಡಳು.

"ಗರೀಬ ಐತಿ," ಎಂದಳು ಕಡೆಗೆ. "ಬರೇ ಕಹಿ ಐತಿ, ಅಷ್ಟ. ಆದರೂ ನೀ ಉಗುಳು. ನಾ ಇನ್ನೂ ತಿಂದು ನೋಡಿಲ್ಲ."

ನಾನು ಅವಳ ಹಿಟ್ಟಿನ ಕೈ ಹಿಡಿದುಕೊಂಡು ಮಗುವಿನಂತೆ ಅತ್ತುಬಿಟ್ಟೆ. ಅವಳು ಇನ್ನೊಂದು ಕೈಯಿಂದ ನನ್ನ ಬೆನ್ನಿಗೆ ಗುದ್ದುತ್ತ, "ಉಗುಳಪಾ, ಉಗುಳು," ಎನ್ನುತ್ತಲೇ ಇದ್ದಳು.

ಕಟ್ಟೆಯ ಮೇಲೆ ಮಾವನ ಫೋನು ರಿಂಗಾಯಿತು. ಬೆಟಗೇರಿಯಿಂದ ನನ್ನ ಹೆಂಡತಿ. ಅತ್ತೆ ಹೇಗಿದ್ದಾಳೆಂದು ಕೇಳಿರಬೇಕು. ಮಾವ ಬಾಗಿಲಿಗೆ ಬಂದು ನಮ್ಮಿಬ್ಬರನ್ನೂ ನೋಡಿದರು, ಸೀದ ರೊಟ್ಟಿಯನ್ನು ನೋಡಿದರು, ಅತ್ತೆಯ ಮಣಿಕಟ್ಟಿನ ಹಸಿರು ನೋಡಿದರು. ಕಣ್ಣು ಒರೆಸಿಕೊಂಡರು.

"ಇನ್ನೂ ಅದಾಳವಾ," ಎಂದರು.